ತಲೆಯೆಣಿಕೆಗೆ ಸಿಗದ ನಂಬಿಕೆ

ಮಂಡ್ಯ ಜಿಲ್ಲೆಯ ಜನಗಣತಿಯನ್ನು ತೆಗೆದು ನೋಡಿದರೆ ನೂರು ಜನರಲ್ಲಿ ಒಬ್ಬ ಕ್ರೈಸ್ತನೂ ಲೆಕ್ಕಕ್ಕೆ ಸಿಗುವುದಿಲ್ಲ. ಮದ್ದೂರು, ಮಳವಳ್ಳಿ ಕಡೆಯ ಕಬ್ಬು, ಭತ್ತ, ರಾಗಿಯ ಹಳ್ಳಿಗಳನ್ನು ದಿನವಿಡೀ ಸುತ್ತಿದರೂ ಒಂದು ಶಿಲುಬೆ ಕಣ್ಣಿಗೆ ಬೀಳದೆ ಹೋಗಬಹುದು. ಆದರೂ ಇಲ್ಲಿ ಹುಟ್ಟಿ ಬೆಳೆದು ಕನ್ನಡ ಶಾಲೆಯಲ್ಲಿ ಓದಿದವರಲ್ಲಿ ಹೆಚ್ಚಿನವರು ಒಂದು ಕ್ರೈಸ್ತ ಪ್ರಾರ್ಥನೆಯನ್ನು ಬಾಯಿಪಾಠವಾಗಿ ಬಲ್ಲರು. ಅದು ಕ್ರೈಸ್ತರದ್ದು ಎಂಬುದು ಮಾತ್ರ ಹಲವರಿಗೆ ಗೊತ್ತಿಲ್ಲ.

ಬಿ.ಎಂ. ಶ್ರೀಕಂಠಯ್ಯನವರ ‘ಪ್ರಾರ್ಥನೆ’ಯ ಮಾತಿದು. ಅವರ ಮನೆತನದ ಊರು ಇದೇ ಜಿಲ್ಲೆಯ ನಾಗಮಂಗಲ ತಾಲ್ಲೂಕಿನ ಬೆಳ್ಳೂರು. 1926ರಲ್ಲಿ ಪುಸ್ತಕವಾಗಿ ಬಂದ ‘ಇಂಗ್ಲಿಷ್ ಗೀತಗಳು’ ಹೊಸಗನ್ನಡ ಕಾವ್ಯಕ್ಕೆ ಹೊಸ ನಡೆ ಕಲಿಸಿತು ಎಂದು ನಾವೆಲ್ಲ ಓದಿದ್ದೇವೆ. ಅದರೊಳಗಿನ ಈ ಗೀತೆಯ ಮೂಲವನ್ನು ಬರೆದವರು ಜಾನ್ ಹೆನ್ರಿ ನ್ಯೂಮನ್. 1833ರಲ್ಲಿ, ಸಿಸಿಲಿಯಲ್ಲಿ ಕಾಯಿಲೆ ಬಿದ್ದು ಎದ್ದು ಊರಿಗೆ ಹೊರಟಿದ್ದಾಗ, ಗಾಳಿಯಿಲ್ಲದೆ ಹಡಗು ನಡುಗಡಲಲ್ಲಿ ನಿಂತುಬಿಟ್ಟ ದಿನಗಳಲ್ಲಿ ಬರೆದದ್ದು. ಆಗ ಆಂಗ್ಲಿಕನ್ ಪಾದ್ರಿಯಾಗಿದ್ದ ನ್ಯೂಮನ್ 1845ರಲ್ಲಿ ಕ್ಯಾಥೊಲಿಕರಾದರು, ಮುಂದೆ ಕಾರ್ಡಿನಲ್ ಆದರು. 2019ರಲ್ಲಿ ಅವರನ್ನು ಸಂತರೆಂದು ಘೋಷಿಸಿದರು. ಇಷ್ಟು ಗಟ್ಟಿಯಾಗಿ ಚರ್ಚಿಗೆ ಸೇರಿದ ಮನುಷ್ಯನ ಹಾಡು ಮೈಸೂರು ಸೀಮೆಯ ಬ್ರಾಹ್ಮಣ ಮೇಷ್ಟರೊಬ್ಬರ ಕೈಗೆ ಬಂದು, ಅಲ್ಲಿಂದ ಒಕ್ಕಲಿಗರ, ದಲಿತರ, ಮುಸ್ಲಿಮರ ಮಕ್ಕಳ ಬೆಳಗಿನ ಪ್ರಾರ್ಥನೆಯಾಯಿತು. ಮೂಲದಲ್ಲಿ ಯೇಸುವಿನ ಹೆಸರಿಲ್ಲ. ಇರುಳಲ್ಲಿ ದಾರಿ ತಪ್ಪಿದವನು ಮುಂದಿನ ಹೆಜ್ಜೆಯಷ್ಟನ್ನೇ ತೋರಿಸು ಎಂದು ಕೇಳಿಕೊಳ್ಳುವ ಮೊರೆ ಅದು. ಹಾಡಿದವರು ಯಾರೂ ಮತ ಬದಲಿಸಲಿಲ್ಲ. ಆದರೆ ಹಾಡುವಾಗ ಅವರ ಎದೆಯಲ್ಲಿ ಮೂಡಿದ ವಿನಯ ಸುಳ್ಳಲ್ಲ.

ಒಂದು ನಂಬಿಕೆ ಒಂದು ನೆಲಕ್ಕೆ ಏನು ಕೊಟ್ಟಿತು ಎಂಬುದನ್ನು ಅದು ಎಷ್ಟು ಜನರನ್ನು ತನ್ನೊಳಗೆ ಸೇರಿಸಿಕೊಂಡಿತು ಎಂಬುದರಿಂದ ಅಳೆಯಲು ಬರುವುದಿಲ್ಲ ಎಂಬುದು ನನ್ನ ವಾದ. ತಲೆ ಎಣಿಸುವವರು ಎರಡೂ ಕಡೆ ಇದ್ದಾರೆ. ಕ್ರೈಸ್ತರು ಮಾಡುವ ಪ್ರತಿಯೊಂದು ಕೆಲಸವೂ ಮತಾಂತರದ ಗಾಳ ಎನ್ನುವವರು ಒಂದು ಕಡೆ. ನಮ್ಮ ಚರ್ಚು ಎಷ್ಟು ಎತ್ತರ, ನಮ್ಮ ಶಾಲೆಯಲ್ಲಿ ಎಷ್ಟು ಸೀಟು ಎಂದು ಲೆಕ್ಕ ಹಾಕುವ ಚರ್ಚಿನೊಳಗಿನವರು ಇನ್ನೊಂದು ಕಡೆ. ಮಂಡ್ಯ ಸೀಮೆಯ ಮುನ್ನೂರೈವತ್ತು ವರ್ಷಗಳಿಗೂ ಮಿಕ್ಕ ಚರಿತ್ರೆ ಈ ಇಬ್ಬರ ಲೆಕ್ಕಕ್ಕೂ ಒಗ್ಗುವುದಿಲ್ಲ.

ಆ ಚರಿತ್ರೆ ಶುರುವಾಗುವುದು ಶ್ರೀರಂಗಪಟ್ಟಣದಲ್ಲಿ. ಕಂಠೀರವ ನರಸರಾಜ ಒಡೆಯರ ಕಾಲದಲ್ಲಿ, 1640ರ ದಶಕದ ಕೊನೆಗೆ, ಲಿಯೊನಾರ್ಡೊ ಚಿನ್ನಮಿ ಎಂಬ ಇಟಲಿಯ ಜೆಸ್ವಿಟ್ ಗುರು ಅಲ್ಲಿಗೆ ಬಂದರು. ಸನ್ಯಾಸಿಯ ಉಡುಪು, ಸಸ್ಯಾಹಾರ, ನೆಲದ ಮೇಲೆ ಊಟ. ಕನ್ನಡ ಕಲಿತು ಕನ್ನಡದಲ್ಲೇ ಧರ್ಮೋಪದೇಶ ಬರೆದರು, ವ್ಯಾಕರಣ, ನಿಘಂಟುಗಳ ಕೆಲಸಕ್ಕೂ ಕೈಹಾಕಿದರು. ಕಿಟೆಲ್ ನಿಘಂಟು ಮುದ್ರಣಗೊಂಡ 1894ಕ್ಕೆ ಎರಡು ಶತಮಾನಕ್ಕೂ ಹಿಂದಿನ ಮಾತಿದು. ಕನ್ನಡ ಮತ್ತು ಕ್ರೈಸ್ತರ ನಂಟು ಎಂದೊಡನೆ ನಾವು ಮಂಗಳೂರಿನ ಬಾಸೆಲ್ ಮಿಷನ್ನಿಗೆ ಓಡುತ್ತೇವೆ. ಕಾವೇರಿ ದಡದಲ್ಲಿ ಅದಕ್ಕೂ ಹಳೆಯದೊಂದು ನಂಟು ಇತ್ತೆಂಬುದನ್ನು ನಮ್ಮ ಸಾಹಿತ್ಯ ಚರಿತ್ರೆಗಳು ಇನ್ನೂ ಸರಿಯಾಗಿ ಲೆಕ್ಕಕ್ಕೆ ತೆಗೆದುಕೊಂಡಿಲ್ಲ.

ಅದೇ ಊರಿನ ಮತ್ತೊಂದು ನೆನಪು ನೋವಿನದು. 1784ರಲ್ಲಿ ಟಿಪ್ಪು ಸುಲ್ತಾನ್ ಕರಾವಳಿಯ ಸಾವಿರಾರು ಕ್ಯಾಥೊಲಿಕರನ್ನು ಸೆರೆಹಿಡಿದು ಘಟ್ಟ ಹತ್ತಿಸಿ ಶ್ರೀರಂಗಪಟ್ಟಣಕ್ಕೆ ತಂದ. ದಾರಿಯಲ್ಲಿ ಸತ್ತವರು, ಸೆರೆಯಲ್ಲಿ ಸತ್ತವರು, ಬಲವಂತಕ್ಕೆ ಮತ ಬಿಟ್ಟವರು ಬಹಳ. 1799ರಲ್ಲಿ ಕೋಟೆ ಬಿದ್ದ ಮೇಲೆ ಉಳಿದವರು ಹೊರಗೆ ಬಂದರು. ಬಲವಂತದ ಮತಾಂತರ ಎಂದರೇನೆಂದು ಈ ನೆಲದ ಕ್ರೈಸ್ತರು ಮೈಮೇಲೆ ಅನುಭವಿಸಿ ತಿಳಿದವರು. ಇಂದಿನ ಚರ್ಚೆಗಳಲ್ಲಿ ಇದನ್ನು ಯಾರೂ ಎತ್ತದಿರುವುದು ನನಗೆ ಸೋಜಿಗ.

ಚದುರಿಹೋದ ಆ ಸಮುದಾಯವನ್ನು ಒಟ್ಟುಗೂಡಿಸಲು ಬಂದವರು ಫ್ರಾನ್ಸಿನ ಅಬ್ಬೆ ದುಬಾಯ್. ಶ್ರೀರಂಗಪಟ್ಟಣದ ಗಂಜಾಂ, ಪಕ್ಕದ ಪಾಲಹಳ್ಳಿ ಅವರ ನೆಲೆಗಳು. ಜನ ಅವರನ್ನು ದೊಡ್ಡ ಸ್ವಾಮಿಯವರು ಎಂದು ಕರೆದರು. ಹಿಂದೂಗಳ ಆಚಾರ ವಿಚಾರಗಳ ಮೇಲೆ ಅವರು ಬರೆದ ದೊಡ್ಡ ಪುಸ್ತಕದಿಂದ ಅವರಿಗೆ ಹೆಸರು ಬಂತು. ಈಸ್ಟ್ ಇಂಡಿಯಾ ಕಂಪನಿ ಅದರ ಹಸ್ತಪ್ರತಿಯನ್ನು ದುಡ್ಡು ಕೊಟ್ಟು ಕೊಂಡು 1816ರಲ್ಲಿ ಇಂಗ್ಲಿಷಿನಲ್ಲಿ ಅಚ್ಚು ಹಾಕಿಸಿತು. ಆ ಪುಸ್ತಕದ ತೀರ್ಮಾನಗಳನ್ನು ಇಂದು ನಾವು ಹಾಗೆಯೇ ಒಪ್ಪಬೇಕಿಲ್ಲ. ನನಗೆ ದೊಡ್ಡದಾಗಿ ಕಾಣುವುದು ಅವರ ಇನ್ನೊಂದು ಕೆಲಸ.

ಪೂರ್ಣಯ್ಯನವರು ದಿವಾನರಾಗಿದ್ದ ಕಾಲ. ಸಿಡುಬು ಬಂತೆಂದರೆ ಹಳ್ಳಿಗೆ ಹಳ್ಳಿಯೇ ಬರಿದಾಗುತ್ತಿತ್ತು. ಜನ ಅಮ್ಮನಿಗೆ ಹರಕೆ ಹೊತ್ತು ಬೇವಿನ ಸೊಪ್ಪು ಕಟ್ಟಿಕೊಂಡು ಕಾಯುತ್ತಿದ್ದರು. ಗೋವಿನ ಸಿಡುಬಿನ ಲಸಿಕೆ 1802ರಲ್ಲಿ ಮುಂಬಯಿಗೆ ಬಂತು. ದುಬಾಯ್ ಅದನ್ನು ಮೈಸೂರು ಸೀಮೆಯಲ್ಲಿ ಹರಡಲು ಟೊಂಕ ಕಟ್ಟಿದರು. 1803–04ರಲ್ಲಿ ಅವರ ಮೇಲ್ವಿಚಾರಣೆಯಲ್ಲಿ ಲಸಿಕೆ ಹಾಕಿಸಿಕೊಂಡವರು ಇಪ್ಪತ್ತೈದು ಸಾವಿರಕ್ಕೂ ಹೆಚ್ಚು. ಆಗ ಲಸಿಕೆ ಸೀಸೆಯಲ್ಲಿ ಬರುತ್ತಿರಲಿಲ್ಲ. ಒಂದು ಮಗುವಿನ ತೋಳಿನಲ್ಲಿ ಎದ್ದ ಗುಳ್ಳೆಯ ರಸವನ್ನು ತೆಗೆದು ಇನ್ನೊಂದು ಮಗುವಿನ ತೋಳಿಗೆ ಹಾಕಬೇಕು, ಅದರಿಂದ ಮತ್ತೊಂದಕ್ಕೆ. ಯಾವ ಜಾತಿಯ ಮಗುವಿನ ರಸ ಯಾವ ಜಾತಿಯ ಮಗುವಿನ ಮೈ ಸೇರಿತು ಎಂದು ಕೇಳುತ್ತ ಕೂತರೆ ಸರಪಳಿ ಅಲ್ಲಿಗೇ ಕಡಿದುಹೋಗುತ್ತಿತ್ತು. ನೀರು ಮುಟ್ಟಿದರೆ ಮೈಲಿಗೆ ಎನ್ನುವ ಊರುಗಳಲ್ಲಿ ಈ ಕೆಲಸ ನಡೆಯಬೇಕಿತ್ತು. ಅದೇ ಕಾಲಕ್ಕೆ, ಸುಮಾರು 1805ರಲ್ಲಿ, ಮೈಸೂರು ಅರಮನೆಯ ರಾಣಿಯರ ಚಿತ್ರವೊಂದು ಸಿದ್ಧವಾಯಿತು. ಅದರಲ್ಲಿ ಎಳೆಯ ರಾಣಿ ಸೆರಗು ಸರಿಸಿ ತೋಳು ತೋರಿಸುತ್ತಿರುವುದು ಲಸಿಕೆಯ ಪ್ರಚಾರಕ್ಕಾಗಿಯೇ ಎಂದು ಕೆಲವು ಇತಿಹಾಸಕಾರರು ವಾದಿಸಿದ್ದಾರೆ. ಲಸಿಕೆ ಹಾಕಿಸಿಕೊಂಡು ಬದುಕಿದ ಮಕ್ಕಳು ಅವರವರ ದೇವರಿಗೇ ಕೈ ಮುಗಿದುಕೊಂಡು ಬೆಳೆದರು.

ಮೂರು ದಶಕ ಭಾರತದಲ್ಲಿ ದುಡಿದ ದುಬಾಯ್ 1823ರಲ್ಲಿ ಊರಿಗೆ ಮರಳಿದರು. ಅದೇ ವರ್ಷ ಪ್ರಕಟವಾದ ತಮ್ಮ ಪತ್ರಗಳಲ್ಲಿ, ಹಿಂದೂಗಳನ್ನು ಕ್ರೈಸ್ತರನ್ನಾಗಿ ಮಾಡುವ ಪ್ರಯತ್ನ ಸೋತಿದೆ, ಮುಂದೆಯೂ ಗೆಲ್ಲುವುದಿಲ್ಲ ಎಂದು ನೇರವಾಗಿ ಬರೆದರು. ಇತರ ಮಿಷನರಿಗಳು ಅವರ ಮೇಲೆ ಹರಿಹಾಯ್ದರು. ತಲೆ ಎಣಿಸುವ ಲೆಕ್ಕದಲ್ಲಿ ದುಬಾಯ್ ಸೋತ ಮನುಷ್ಯ. ಆದರೆ ಆ ಇಪ್ಪತ್ತೈದು ಸಾವಿರ ತೋಳುಗಳನ್ನು ಯಾವ ಲೆಕ್ಕಕ್ಕೆ ಬರೆಯುತ್ತೀರಿ? ಊರಿಗೆ ಹೋದ ಮೇಲೂ ಅವರು ಮಾಡಿದ್ದು ಪಂಚತಂತ್ರವನ್ನು ಫ್ರೆಂಚಿಗೆ ಅನುವಾದಿಸುವ ಕೆಲಸವನ್ನು.

ಅನುಮಾನಪಡುವವರಿಗೆ ಏನೂ ಆಧಾರವಿಲ್ಲ ಎಂದು ನಾನು ಹೇಳುವುದಿಲ್ಲ. ಕುವೆಂಪು ‘ಮಲೆಗಳಲ್ಲಿ ಮದುಮಗಳು’ ಕಾದಂಬರಿಯಲ್ಲಿ ಅದನ್ನು ಕಣ್ಣಿಗೆ ಕಟ್ಟುವಂತೆ ತೋರಿಸಿದ್ದಾರೆ. ಅಲ್ಲಿ ಮಲೆನಾಡಿನ ಗೌಡರ ಮನೆಯ ಹುಡುಗನನ್ನು ಸೆಳೆಯುವುದರಲ್ಲಿ ಪಾದ್ರಿಯ ಬೋಧನೆಯಷ್ಟೇ ಪಾಲು ಬೈಸಿಕಲ್ಲಿಗೂ ಇದೆ. ಆಳುವವರ ಧರ್ಮಕ್ಕೆ ಆಳುವವರ ಸೊಗಸೂ ಅಂಟಿಕೊಂಡಿರುತ್ತದೆ. ಕುವೆಂಪು ಇದನ್ನು ದ್ವೇಷವಿಲ್ಲದೆ ಬರೆದರು, ಬಿಡುಗಡೆ ಬಯಸುವವನ ಹಂಬಲವನ್ನೂ ಅರ್ಥ ಮಾಡಿಕೊಂಡು ಬರೆದರು. ಆ ಸೂಕ್ಷ್ಮ ಇಂದು ಕಾಣುವುದಿಲ್ಲ. 2021ರ ಡಿಸೆಂಬರಿನಲ್ಲಿ ಪಾಂಡವಪುರದ ಶಾಲೆಯೊಂದರಲ್ಲಿ ಮಕ್ಕಳ ಕ್ರಿಸ್‌ಮಸ್ ಆಚರಣೆಗೆ ಒಂದು ಗುಂಪು ನುಗ್ಗಿ ಅಡ್ಡಿಪಡಿಸಿತು. ಮರುವರ್ಷ ಮತಾಂತರ ತಡೆ ಕಾಯ್ದೆ ಬಂತು. ಆಮಿಷ ಒಡ್ಡಿ ಮತ ಬದಲಿಸುವುದು ತಪ್ಪು ಎನ್ನುವುದರಲ್ಲಿ ನನಗೆ ತಕರಾರಿಲ್ಲ. ಆದರೆ ಉಚಿತ ಶಿಕ್ಷಣವನ್ನೂ ಆಮಿಷದ ಪಟ್ಟಿಗೆ ಸೇರಿಸಿದ ಕಾಯ್ದೆಯ ಮುಂದೆ ಯಾವ ಸೇವೆ ಶುದ್ಧವಾಗಿ ಉಳಿಯುತ್ತದೆ? ಈ ಜಿಲ್ಲೆಯ ಎಷ್ಟೋ ಮನೆಗಳ ಹೆಣ್ಣುಮಕ್ಕಳು ಹೆರಿಗೆಗೆ ಮೈಸೂರಿನ ಮಿಷನ್ ಆಸ್ಪತ್ರೆಗೆ ಹೋಗುತ್ತಿದ್ದ ಕಾಲವಿತ್ತು. 1906ರಲ್ಲಿ ಶುರುವಾದ ಹೋಲ್ಡ್ಸ್‌ವರ್ತ್ ಆಸ್ಪತ್ರೆ ಅದು. ಅಲ್ಲಿ ಹುಟ್ಟಿದ ಕೂಸುಗಳಿಗೆ ಮನೆದೇವರ ಹೆಸರನ್ನೇ ಇಟ್ಟರು.

ಸಾಹಿತ್ಯದಲ್ಲಿ ನಂಬಿಕೆ ಗಡಿ ದಾಟಿದ ಬಗೆ ಇನ್ನೂ ಸೊಗಸಾದದ್ದು. ಮಂಜೇಶ್ವರದ ಗೋವಿಂದ ಪೈಗಳು ವೈಷ್ಣವ ಮನೆತನದವರು. 1930ರ ದಶಕದಲ್ಲಿ ಯೇಸುವಿನ ಕೊನೆಯ ದಿನವನ್ನು ‘ಗೊಲ್ಗೊಥಾ’ ಎಂಬ ಖಂಡಕಾವ್ಯವಾಗಿ ಕನ್ನಡಕ್ಕೆ ಕೊಟ್ಟರು. ಶಿಲುಬೆಯ ಸಾವನ್ನು ಪಂಪನ ಭಾಷೆಯ ಗಾಂಭೀರ್ಯದಲ್ಲಿ ಹೇಳಲು ಬರುತ್ತದೆ ಎಂದು ತೋರಿಸಿದವರು ಅವರು, ಮುಂದೆ ‘ವೈಶಾಖಿ’ಯಲ್ಲಿ ಬುದ್ಧನ ಕೊನೆಯ ದಿನವನ್ನೂ ಬರೆದರು. ಇತ್ತ ಸಾಗರದ ನಾ. ಡಿಸೋಜ ಕ್ರೈಸ್ತರಾಗಿದ್ದು ಬರೆದದ್ದು ಬಹುಪಾಲು ಮುಳುಗಡೆಯ ಜನರ ಕಥೆ. ಲೋಕೋಪಯೋಗಿ ಇಲಾಖೆಯ ನೌಕರರಾಗಿ ಶರಾವತಿ ನೀರು ಊರುಗಳನ್ನು ನುಂಗುವುದನ್ನು ಹತ್ತಿರದಿಂದ ಕಂಡವರು. ‘ಮುಳುಗಡೆ’, ‘ದ್ವೀಪ’ಗಳಲ್ಲಿ ನೆಲ ಕಳೆದುಕೊಳ್ಳುವವರ ಮತ ಯಾವುದು ಎಂದು ಅವರು ಕೇಳಲಿಲ್ಲ. ‘ಇಗರ್ಜಿಯ ಸುತ್ತಲಿನ ಹತ್ತು ಮನೆಗಳು’ ಬರೆದಾಗ ತಮ್ಮ ಸಮುದಾಯವನ್ನು ಹೊಗಳಲು ಕೂರಲೂ ಇಲ್ಲ. 2014ರಲ್ಲಿ ಮಡಿಕೇರಿಯ ಸಾಹಿತ್ಯ ಸಮ್ಮೇಳನಕ್ಕೆ ಅಧ್ಯಕ್ಷರಾಗಿದ್ದ ಅವರು ಮಂಡ್ಯದ ಸಮ್ಮೇಳನ ಮುಗಿದ ಕೆಲವೇ ದಿನಗಳಿಗೆ, 2025ರ ಜನವರಿಯಲ್ಲಿ, ತೀರಿಕೊಂಡರು. ನನ್ನ ಮಟ್ಟಿಗೆ ಕನ್ನಡದ ಕ್ರೈಸ್ತ ಸಾಹಿತ್ಯ ಎಂದರೆ ಯೇಸುವಿನ ಮೇಲಿನ ಸ್ತುತಿಗಳಿಗಿಂತ ಮೊದಲು ನಾ. ಡಿಸೋಜರ ಮುಳುಗಿದ ಊರುಗಳು.

ಮಳವಳ್ಳಿಯಿಂದ ಹಲಗೂರು, ಸಾತನೂರು ದಾಟಿ ಕನಕಪುರದ ಕಡೆಗೆ ಹೋದರೆ ಹಾರೋಬೆಲೆ ಸಿಗುತ್ತದೆ. ಜೆಸ್ವಿಟರ ಕಾಲದಿಂದ ಬಂದ ಕ್ಯಾಥೊಲಿಕ್ ಹಳ್ಳಿ, ಮನೆಮಾತು ಕನ್ನಡ. ಅಲ್ಲಿನವರು ನೂರು ವರ್ಷಕ್ಕೂ ಮಿಕ್ಕಿ ಯೇಸುವಿನ ಪಾಡಿನ ನಾಟಕ ಆಡಿಕೊಂಡು ಬಂದಿದ್ದಾರೆ. ಹೊಲ ಉಳುವವರು, ರೇಷ್ಮೆ ಸಾಕುವವರು ಅಂದು ಪಿಲಾತರಾಗುತ್ತಾರೆ, ಪೇತ್ರರಾಗುತ್ತಾರೆ. ಮಂಡ್ಯದ ಹಳ್ಳಿಗಳಲ್ಲಿ ಪಾತ್ರಕ್ಕೆ ಕೈಯಿಂದ ದುಡ್ಡು ಹಾಕಿ, ತಿಂಗಳುಗಟ್ಟಲೆ ತಾಲೀಮು ಮಾಡಿ ‘ಕುರುಕ್ಷೇತ್ರ’ ಆಡುವವರನ್ನು ಕಂಡವರಿಗೆ ಈ ಹುಮ್ಮಸ್ಸು ಹೊಸದಲ್ಲ. ಕರ್ಣನ ಸಾವಿಗೆ ಬೆಳಗಿನ ಜಾವ ಕಣ್ಣೊರೆಸಿಕೊಳ್ಳುವ ಜನ, ಶಿಲುಬೆ ಹೊತ್ತವನಿಗೂ ಹಾಗೆಯೇ ಕಣ್ಣೊರೆಸಿಕೊಳ್ಳುತ್ತಾರೆ. ತಪ್ಪು ಮಾಡದವನು ಸಾಯುವ ಕಥೆಯನ್ನು ನಮ್ಮ ಜನಕ್ಕೆ ಯಾರೂ ಬಿಡಿಸಿ ಹೇಳಬೇಕಿಲ್ಲ.

ಆ ಹಾರೋಬೆಲೆ ರಾಜ್ಯಕ್ಕೆಲ್ಲ ಗೊತ್ತಾದದ್ದು ಮಾತ್ರ ನಾಟಕದಿಂದಲ್ಲ. 2019ರ ಕ್ರಿಸ್‌ಮಸ್ ದಿನ ಅಲ್ಲಿನ ಕಪಾಲಬೆಟ್ಟದಲ್ಲಿ 114 ಅಡಿಯ ಯೇಸುವಿನ ಪ್ರತಿಮೆಗೆ ಅಡಿಗಲ್ಲು ಬಿತ್ತು. ಕೆಲವೇ ದಿನಗಳಲ್ಲಿ ವಿರೋಧದ ಮೆರವಣಿಗೆ, ಹೇಳಿಕೆ, ಮರುಹೇಳಿಕೆ. ತಮ್ಮ ಬೆಟ್ಟದಲ್ಲಿ ಪೂಜೆ ಮಾಡಿಕೊಂಡು ಬಂದವರ ಹಕ್ಕನ್ನು ಪ್ರಶ್ನಿಸಿದ ಬಗೆ ಒರಟಾಗಿತ್ತು, ಅದನ್ನು ನಾನು ಒಪ್ಪುವುದಿಲ್ಲ. ಆದರೆ ಪ್ರತಿಮೆಯ ಎತ್ತರದ ಪೈಪೋಟಿ ನಮ್ಮ ಕಾಲದ ಎಲ್ಲ ಮತಗಳಿಗೂ ಅಂಟಿದ ರೋಗ, ಅದಕ್ಕೆ ಯೇಸುವನ್ನೂ ನಿಲ್ಲಿಸುವ ಅಗತ್ಯವಿರಲಿಲ್ಲ. ನೂರು ವರ್ಷ ನಾಟಕವಾಡಿದ ಊರಿನಲ್ಲಿ ಯಾರಿಗೂ ಬೆದರಿಕೆಯಾಗದಿದ್ದ ನಂಬಿಕೆ, 114 ಅಡಿಯ ಮಾತು ಬಂದ ಕೂಡಲೇ ಬೆದರಿಕೆಯಾಗಿ ಕಂಡಿತು.

ಕಟ್ಟಡದ ಕಲೆಯಲ್ಲೂ ಇದೇ ಪ್ರಶ್ನೆ. 1933ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರೇ ಅಡಿಗಲ್ಲು ಇಟ್ಟ ಮೈಸೂರಿನ ಸಂತ ಫಿಲೋಮಿನಾ ಚರ್ಚು ಜರ್ಮನಿಯ ಕಲೋನಿನ ಗೋಪುರಗಳನ್ನು ನೆನಪಿಸುತ್ತದೆ. ನೋಡಲು ಭವ್ಯ. ಅದೇ ಊರಿನ ಚಾಮುಂಡಿ ಬೆಟ್ಟದ ತಪ್ಪಲಲ್ಲಿ ಕ್ಯಾಥೊಲಿಕ್ ಗುರು ಡಿ.ಎಸ್. ಅಮಲೋರ್ಪವದಾಸ್ ಕಟ್ಟಿದ ಅಂಜಲಿ ಆಶ್ರಮದಲ್ಲಿ ಅಂಥ ಗೋಪುರಗಳಿಲ್ಲ, ನೆಲದ ಮೇಲೆ ಪದ್ಮಾಸನ ಹಾಕಿ ಕೂತು ಧ್ಯಾನಿಸುವ ಜಾಗವಿದೆ. ಯಾವುದು ಹೆಚ್ಚು ಕ್ರೈಸ್ತ ಎಂದು ತೀರ್ಪು ಕೊಡಲು ನಾನು ಯಾರೂ ಅಲ್ಲ. ಆದರೆ ಸಾಮಾನ್ಯ ಭಕ್ತರು ಈ ಚರ್ಚೆಯನ್ನು ಎಂದೋ ತಮ್ಮ ಪಾಡಿಗೆ ಬಗೆಹರಿಸಿಕೊಂಡಿದ್ದಾರೆ. ಹಬ್ಬದ ದಿನ ಹೂವಿನ ತೇರಿನಲ್ಲಿ ಮರಿಯಮ್ಮನನ್ನು ಕೂರಿಸಿ ಬೀದಿಯಲ್ಲಿ ಎಳೆಯುತ್ತಾರೆ. ಜೂನ್ ತಿಂಗಳಲ್ಲಿ ಕೃಷ್ಣರಾಜನಗರ ತಾಲ್ಲೂಕಿನ ಡೋರನಹಳ್ಳಿಯ ಸಂತ ಅಂತೋಣಿಯವರ ಹಬ್ಬಕ್ಕೆ ಹೋಗಿ ಹರಕೆ ತೀರಿಸುವವರಲ್ಲಿ ಕ್ರೈಸ್ತರಲ್ಲದವರು ಎಷ್ಟೋ ಜನ. ಕಳೆದದ್ದು ಸಿಗಲಿ, ಮಗು ಆಗಲಿ, ಕಾಯಿಲೆ ವಾಸಿಯಾಗಲಿ ಎಂಬ ಬೇಡಿಕೆಗೆ ಅವರು ಮತದ ಚೀಟಿ ಅಂಟಿಸುವುದಿಲ್ಲ.

ಎರಡನೇ ವ್ಯಾಟಿಕನ್ ಸಭೆ 1960ರ ದಶಕದಲ್ಲಿ ಲ್ಯಾಟಿನ್ ಬದಲು ಜನರ ಭಾಷೆಯಲ್ಲಿ ಬಲಿಪೂಜೆಗೆ ಬಾಗಿಲು ತೆರೆದಾಗ ಕರ್ನಾಟಕದಲ್ಲಿ ಎದ್ದ ಪ್ರಶ್ನೆ, ಯಾವ ಜನರ ಭಾಷೆ ಎಂಬುದು. ಬೆಂಗಳೂರಿನಲ್ಲಿ ಕನ್ನಡ ಪೂಜೆಗಾಗಿ ಕನ್ನಡ ಕ್ರೈಸ್ತರು ದಶಕಗಳ ಕಾಲ ಹೋರಾಡಬೇಕಾಯಿತು. 2010ರಲ್ಲಿ ಕೇರಳ ಮೂಲದ ಸಿರೋ ಮಲಬಾರ್ ಸಭೆ ತನ್ನ ಹೊಸ ಧರ್ಮಪ್ರಾಂತ್ಯವೊಂದಕ್ಕೆ ಮಂಡ್ಯದ ಹೆಸರನ್ನೇ ಇಟ್ಟುಕೊಂಡಿತು. ವಲಸೆ ಬಂದವರಿಗೆ ತಮ್ಮ ಭಾಷೆಯಲ್ಲಿ ಪ್ರಾರ್ಥಿಸುವ ಹಕ್ಕಿದೆ, ಅದರ ಬಗ್ಗೆ ಮಾತಿಲ್ಲ. ಆದರೆ ಮಂಡ್ಯದ ಹೆಸರು ಹೊತ್ತವರಿಗೆ ಮಂಡ್ಯದ ಕನ್ನಡದ ಋಣವೂ ಇದೆ. ಚರ್ಚುಗಳು ನಡೆಸುವ ಇಂಗ್ಲಿಷ್ ಶಾಲೆಗಳ ಬಗ್ಗೆಯೂ ಇದೇ ಮಾತು ಹೇಳಬೇಕು. ಚಿನ್ನಮಿ ಕಲಿತ ಕನ್ನಡ, ಮೈಸೂರಿನ ವೆಸ್ಲಿಯನ್ನರು ‘ವೃತ್ತಾಂತ ಪತ್ರಿಕೆ’ ನಡೆಸಿದ ಕನ್ನಡ ಆ ಶಾಲೆಗಳ ಅಂಗಳದಲ್ಲಿ ಎರಡನೇ ದರ್ಜೆಯ ಭಾಷೆಯಾಗಿರುವುದು ಅವರ ಪೂರ್ವಿಕರಿಗೇ ಮಾಡುವ ಅವಮಾನ.

ಇನ್ನು ಜಾತಿ. ಇಲ್ಲಿ ಚರ್ಚಿನ ಸೋಲನ್ನು ಮುಚ್ಚಿಡಲು ಆಗುವುದಿಲ್ಲ. ತೋಳಿನಿಂದ ತೋಳಿಗೆ ಲಸಿಕೆ ದಾಟಿಸಿದ ಅದೇ ದುಬಾಯ್ ತಮ್ಮ ಪುಸ್ತಕದಲ್ಲಿ ಜಾತಿ ವ್ಯವಸ್ಥೆಯನ್ನು ಸಮರ್ಥಿಸಿದರು. ಅವರಿಗಿಂತ ಮುಂಚಿನ ಜೆಸ್ವಿಟರು ಜಾತಿಯ ಕಟ್ಟಳೆಗಳಿಗೆ ಹೊಂದಿಕೊಂಡೇ ಕೆಲಸ ಮಾಡಿದರು. ದೀಕ್ಷಾಸ್ನಾನದ ನೀರು ಹೆಸರನ್ನು ತೊಳೆಯಿತು, ಕೇರಿಯನ್ನು ತೊಳೆಯಲಿಲ್ಲ. 2025ರ ಸೆಪ್ಟೆಂಬರಿನಲ್ಲಿ ರಾಜ್ಯದ ಸಾಮಾಜಿಕ ಶೈಕ್ಷಣಿಕ ಸಮೀಕ್ಷೆಯ ಪಟ್ಟಿಯಲ್ಲಿ ಹಿಂದೂ ಜಾತಿಗಳ ಹೆಸರಿನ ಜೊತೆ ಕ್ರಿಶ್ಚಿಯನ್ ಎಂದು ಸೇರಿಸಿದ ಹೆಸರುಗಳು ಕಂಡಾಗ ದೊಡ್ಡ ಗಲಾಟೆಯಾಗಿ, ಆಯೋಗ ಅವನ್ನು ಕಾಣದಂತೆ ಮಾಡಿತು. ಆಕ್ಷೇಪಿಸಿದವರಿಗೆ ತಮ್ಮ ಜಾತಿಯ ಹೆಸರು ಅಲ್ಲಿ ಬಂದದ್ದೇ ನೋವು. ಆ ಹೆಸರುಗಳಿಗೆ ಆಧಾರವಾದ ಬದುಕು ಚರ್ಚಿನೊಳಗೆ ಇನ್ನೂ ಉಳಿದಿದೆಯಲ್ಲ ಎಂದು ಧರ್ಮಾಧ್ಯಕ್ಷರಿಗೂ ಸಭಾಪಾಲಕರಿಗೂ ನೋವಾಗಬೇಕಿತ್ತು. 1950ರ ರಾಷ್ಟ್ರಪತಿ ಆದೇಶದಂತೆ ಕ್ರೈಸ್ತರಾದ ದಲಿತರು ಪರಿಶಿಷ್ಟ ಜಾತಿಯಲ್ಲಿಲ್ಲ. ಸಿಖ್ಖರಿಗೆ 1956ರಲ್ಲಿ, ಬೌದ್ಧರಿಗೆ 1990ರಲ್ಲಿ ಆ ಬಾಗಿಲು ತೆರೆಯಿತು. ಸರ್ಕಾರದ ಮುಂದೆ ಈ ನ್ಯಾಯ ಕೇಳುವುದು ಸರಿ, ಕೇಳಲೇಬೇಕು. ಆದರೆ ಮದುವೆಯ ಮಾತುಕತೆಯಲ್ಲಿ, ಅಧಿಕಾರದ ಹಂಚಿಕೆಯಲ್ಲಿ ಜಾತಿ ನೋಡುವ ಸಮುದಾಯ ದಿಲ್ಲಿಯ ಮುಂದೆ ಸಮಾನತೆ ಕೇಳಿದರೆ ಅದರ ದನಿಗೆ ಎಷ್ಟು ಬಲವಿದ್ದೀತು?

ಮಂಡ್ಯದ ಇಂದಿನ ಸಿಡುಬು ಯಾವುದು ಎಂದು ಯೋಚಿಸಿದರೆ ನನಗೆ ಮೊದಲು ನೆನಪಾಗುವುದು 2023ರ ನವೆಂಬರಿನಲ್ಲಿ ಬಯಲಾದ ಪ್ರಕರಣ. ಬೆಲ್ಲ ಬೇಯಿಸುವ ಆಲೆಮನೆಯೊಂದರಲ್ಲಿ ಸ್ಕ್ಯಾನಿಂಗ್ ಯಂತ್ರ ಇಟ್ಟು, ಗರ್ಭದಲ್ಲಿರುವುದು ಹೆಣ್ಣೋ ಗಂಡೋ ನೋಡಿ, ಹೆಣ್ಣಾದರೆ ತೆಗೆಸಲು ಕಳಿಸುವ ಜಾಲ. ಕಬ್ಬಿನ ಸಿಹಿಗೆ ಹೆಸರಾದ ಸೀಮೆಯ ಒಂದು ಆಲೆಮನೆ ಅದಕ್ಕೆ ಮರೆಯಾಯಿತು. ಇದರ ವಿರುದ್ಧ ಮಠಗಳು ಮಾತಾಡಬೇಕು, ಮಸೀದಿಗಳು ಮಾತಾಡಬೇಕು. ಜೀವ ದೇವರ ಕೊಡುಗೆ ಎಂದು ಗರ್ಭದಿಂದಲೇ ಬೋಧಿಸುವ ಚರ್ಚಿಗೆ ಸುಮ್ಮನಿರುವ ಅವಕಾಶವೇ ಇಲ್ಲ. ಅದಕ್ಕೆ ದಾದಿಯರಿದ್ದಾರೆ, ಹಳ್ಳಿ ಹಳ್ಳಿ ತಿರುಗುವ ಸಿಸ್ಟರ್‌ಗಳಿದ್ದಾರೆ, ಶಾಲೆಗಳಿವೆ. ಹೆಣ್ಣು ಹೆತ್ತ ತಾಯಿಯ ಜೊತೆ ಅತ್ತೆಯ ಮುಂದೆ ನಿಲ್ಲುವವರು, ಸ್ಕ್ಯಾನಿಂಗಿಗೆ ಕರೆದೊಯ್ಯುವ ದಲ್ಲಾಳಿಯ ಸುದ್ದಿಯನ್ನು ಆರೋಗ್ಯ ಇಲಾಖೆಗೆ ಮುಟ್ಟಿಸುವವರು ಬೇಕಾಗಿದ್ದಾರೆ. ಈ ಕೆಲಸದಿಂದ ಒಬ್ಬರೂ ಕ್ರೈಸ್ತರಾಗಲಿಕ್ಕಿಲ್ಲ, ಆಗಬೇಕಾಗಿಯೂ ಇಲ್ಲ.

ಸೆಪ್ಟೆಂಬರ್ 8 ಮರಿಯಮ್ಮನವರ ಹುಟ್ಟುಹಬ್ಬ. ಭಾರತದ ಕ್ಯಾಥೊಲಿಕರು ಅದನ್ನು ಹೆಣ್ಣುಮಗುವಿನ ದಿನವೆಂದೂ ಆಚರಿಸುತ್ತಾರೆ. ಆ ದಿನ ಮಂಡ್ಯ, ಮದ್ದೂರು, ಮಳವಳ್ಳಿಯ ಗುರುಗಳು ಪ್ರವಚನದಲ್ಲಿ ಆ ಆಲೆಮನೆಯ ಮಾತು ಎತ್ತಲಿ. ಎತ್ತುವಾಗ ಪೀಠದ ಮೇಲಿಂದಷ್ಟೇ ಹೇಳಿ ಮುಗಿಸದೆ, ಊರಿನ ಆಶಾ ಕಾರ್ಯಕರ್ತೆಯರನ್ನೂ ಅಂಗನವಾಡಿಯವರನ್ನೂ ಪಕ್ಕದಲ್ಲಿ ಕೂರಿಸಿಕೊಂಡು, ಚರ್ಚಿನ ಬಾಗಿಲು ತೆರೆದಿಟ್ಟು, ಬೀದಿಗೂ ಕೇಳುವಂತೆ ಕನ್ನಡದಲ್ಲಿ ಹೇಳಲಿ.